ಓಡಿಸೋಕಾ, ಇಟ್ಟುಕೊಳ್ಳೋಕಾ? ಎಂಬತ್ತರ ದಶಕದ ಟರ್ಬೊ ಬ್ಯೂಕ್ ಕೊಳ್ಳುವ ಮುಂಚೆ

ಹೋದ ಬೇಸಿಗೆಯಲ್ಲಿ ಒಂದೇ ವಾರದಲ್ಲಿ ಎರಡು ಬ್ಯೂಕ್ ಗ್ರ್ಯಾಂಡ್ ನ್ಯಾಷನಲ್ ನೋಡಿ ಬಂದೆ. ಎರಡೂ 1987ರವು, ಎರಡೂ ಕಪ್ಪು, ಎಂಜಿನ್ನೂ ಒಂದೇ. ಒಂದು ಓಡಿದ್ದು 1,100 ಮೈಲಿ. ಇನ್ನೊಂದು 38,000. ಬೆಲೆ ಮಾತ್ರ ಮೊದಲನೆಯದಕ್ಕೆ ಎರಡನೆಯದರ ದುಪ್ಪಟ್ಟಿಗಿಂತ ಜಾಸ್ತಿ.

ಕೊಳ್ಳಬೇಕಾಗಿದ್ದವನು ನಾನಲ್ಲ, ನನ್ನ ಗೆಳೆಯ. ಹಾಸನದ ಕಡೆಯವನು, ಡೆಟ್ರಾಯಿಟ್‌ಗೆ ಕೆಲಸಕ್ಕೆ ಬಂದು ಹತ್ತು ವರ್ಷ ದಾಟಿದೆ. ಕಡಿಮೆ ಓಡಿದ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಮಾರುವವರನ್ನು ಕೇಳಿದ: ಇದನ್ನ ಓಡಿಸಿದರೆ ಏನಾಗುತ್ತೆ? ಅವರು ನಕ್ಕರು. "ಓಡಿಸಬಹುದು. ಪ್ರತಿ ಮೈಲಿಗೂ ನಿಮ್ಮದೇ ದುಡ್ಡು ಕರಗುತ್ತೆ ಅಷ್ಟೆ" ಅಂದರು.

ಆ ಮಾತು ನಿಜ. ಈ ಕಾರುಗಳಲ್ಲಿ ಯಾವುದನ್ನು ಆರಿಸಬೇಕು ಅನ್ನುವ ಪ್ರಶ್ನೆಯ ಅರ್ಧ ಉತ್ತರ ಅದರಲ್ಲೇ ಇದೆ. ಯಾವ ಮಾಡೆಲ್ ಅನ್ನೋದು ಆಮೇಲಿನ ಮಾತು. ಮೊದಲು ವರ್ಷಕ್ಕೆ ಎಷ್ಟು ಮೈಲಿ ಓಡಿಸ್ತೀರಿ ಅಂತ ನೀವೇ ನಿಮಗೆ ಪ್ರಾಮಾಣಿಕವಾಗಿ ಹೇಳಿಕೊಳ್ಳಬೇಕು.

ಅಜ್ಜಂದಿರ ಕಂಪನಿಯ ಪುಂಡ ಕಾರು

ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದಲ್ಲಿ ಬ್ಯೂಕ್ ಅಂದರೆ ನಿವೃತ್ತರಾದ ಡಾಕ್ಟರು, ಬ್ಯಾಂಕ್ ಮ್ಯಾನೇಜರ್ ಓಡಿಸುವ ಮೆತ್ತನೆ ಕಾರು. ಆ ಕಂಪನಿಯ ಕೈಯಲ್ಲಿ ಒಂದು ವಿ6 ಎಂಜಿನ್ ಇತ್ತು. ಅದರದ್ದೇ ಒಂದು ಕಥೆ. ಅರವತ್ತರ ದಶಕದ ಶುರುವಿನಲ್ಲಿ ಮಾಡಿದರು, 1967ರಲ್ಲಿ ಬೇಡ ಅಂತ ಜೀಪ್ ಮಾಡುತ್ತಿದ್ದ ಕೈಸರ್ ಕಂಪನಿಗೆ ಮಾರಿಬಿಟ್ಟರು. ಪೆಟ್ರೋಲ್ ಬಿಕ್ಕಟ್ಟು ಬಂದ ಮೇಲೆ 1974ರಲ್ಲಿ ವಾಪಸ್ ಕೊಂಡುಕೊಂಡರು. ಮಾರಿದ ಎಮ್ಮೆಯನ್ನು ಮತ್ತೆ ಕೊಟ್ಟಿಗೆಗೆ ಹೊಡೆದುಕೊಂಡು ಬಂದ ಹಾಗೆ. ಆಮೇಲೆ ಅದಕ್ಕೆ ಟರ್ಬೊ ಕಟ್ಟಿದರು. 1978ರಲ್ಲಿ ಆ ಎಂಜಿನ್ ಹೊತ್ತ ಬ್ಯೂಕ್ ರೀಗಲ್ ಕಾರು, ಟರ್ಬೊ ರೀಗಲ್, ಅಂಗಡಿಗೆ ಬಂತು. ಗ್ರ್ಯಾಂಡ್ ನ್ಯಾಷನಲ್ ಅನ್ನೋದು ಇದೇ ರೀಗಲ್‌ನ ಒಂದು ಮಾದರಿ.

ಆ ಹೆಸರು ಅಮೆರಿಕದ ನಾಸ್ಕಾರ್ ಕಾರು ರೇಸಿನಿಂದ ಬಂದದ್ದು. 1981 ಮತ್ತು 1982ರಲ್ಲಿ ಬ್ಯೂಕ್ ಅಲ್ಲಿ ತಯಾರಕರ ಪ್ರಶಸ್ತಿ ಗೆದ್ದಿತ್ತು. 1982ರ ಮೊದಲ ಗ್ರ್ಯಾಂಡ್ ನ್ಯಾಷನಲ್ ಬೂದು ಬಣ್ಣದ್ದು, ಒಟ್ಟು 215 ಮಾತ್ರ, ಬಹುಪಾಲಿಗೆ ಟರ್ಬೊನೇ ಇರಲಿಲ್ಲ. 1983ರಲ್ಲಿ ಆ ಹೆಸರಿನ ಕಾರೇ ಬರಲಿಲ್ಲ. 1984ರಲ್ಲಿ ನಮಗೆ ಬೇಕಾದ ಕಾರು ಬಂತು: ಮೈಯೆಲ್ಲ ಕಪ್ಪು, 3.8 ಲೀಟರ್ ಟರ್ಬೊ ವಿ6, 200 ಅಶ್ವಶಕ್ತಿ. ಕ್ರೋಮ್ ಹೊಳಪು ಹೆಚ್ಚುಕಮ್ಮಿ ಇಲ್ಲವೇ ಇಲ್ಲ.

1986ರಲ್ಲಿ ಇಂಟರ್‌ಕೂಲರ್ ಸೇರಿಸಿದರು. ಎಲ್ಲ ಬದಲಾದದ್ದು ಆವಾಗ. ಟರ್ಬೊ ಗಾಳಿಯನ್ನು ಒತ್ತಿ ಎಂಜಿನ್ ಒಳಗೆ ತುಂಬುತ್ತೆ. ಒತ್ತಿದ ಗಾಳಿ ಬಿಸಿಯಾಗುತ್ತೆ, ಬಿಸಿ ಗಾಳಿ ಹಿಗ್ಗುತ್ತೆ. ಅದನ್ನು ದಾರಿಯಲ್ಲೇ ತಣ್ಣಗೆ ಮಾಡಿದರೆ ಅದೇ ಜಾಗದಲ್ಲಿ ಜಾಸ್ತಿ ಗಾಳಿ ಹಿಡಿಸುತ್ತೆ. ಇಷ್ಟೇ ಗುಟ್ಟು. 1986ರಲ್ಲಿ 235 ಅಶ್ವಶಕ್ತಿ, 1987ರಲ್ಲಿ 245. ಅದೇ ವರ್ಷ ಷೆವರ್ಲೆಯ ಕಾರ್ವೆಟ್ ಸ್ಪೋರ್ಟ್ಸ್ ಕಾರಿಗೆ ಇದ್ದದ್ದು 240. ಅಜ್ಜನ ಕಾರು ಮೊಮ್ಮಗನ ಕಾರನ್ನು ಸಿಗ್ನಲ್‌ನಲ್ಲಿ ಹಿಂದೆ ಹಾಕಿತು.

ಕಡಿಮೆ ಮೈಲಿ ಅಷ್ಟೇನೂ ಅಪರೂಪವಲ್ಲ

ಕೊಳ್ಳುವವರು ಮೊದಲು ತಿಳಿದುಕೊಳ್ಳಬೇಕಾದ ಲೆಕ್ಕ ಇದು. 1984ರಲ್ಲಿ ತಯಾರಾದ ಗ್ರ್ಯಾಂಡ್ ನ್ಯಾಷನಲ್ ಸುಮಾರು 2,000. 1985ರಲ್ಲಿ 2,102. 1986ರಲ್ಲಿ 5,512. 1987ರಲ್ಲಿ ಒಮ್ಮೆಲೇ 20,193.

ಕೊನೆಯ ವರ್ಷ ಯಾಕೆ ಅಷ್ಟು? ಇದೇ ಕೊನೆ ಅಂತ ಎಲ್ಲರಿಗೂ ಗೊತ್ತಾಗಿತ್ತು. ಹಿಂದಿನ ಚಕ್ರ ತಿರುಗಿಸುವ ಈ ರೀಗಲ್ ನಿಲ್ಲುತ್ತೆ, ಮುಂದಿನದು ಮುಂದಿನ ಚಕ್ರ ತಿರುಗಿಸುವ ಸಾಧು ಕಾರು ಅಂತ ಸುದ್ದಿ ಹಬ್ಬಿತ್ತು. ಬೇಡಿಕೆ ನೋಡಿ ಮಿಶಿಗನ್‌ನ ಪಾಂಟಿಯಾಕ್ ಊರಿನ ಕಾರ್ಖಾನೆಯಲ್ಲಿ 1987ರ ಡಿಸೆಂಬರ್‌ವರೆಗೂ ಮಾಡುತ್ತಾ ಹೋದರು. ಕೊಂಡವರಲ್ಲಿ ಎಷ್ಟೋ ಜನ ಮನೆಗೆ ತಂದು, ಹೊದಿಕೆ ಹೊದಿಸಿ, ಮಕ್ಕಳ ಓದಿಗೆ ಆಗುತ್ತೆ ಅಂತ ಇಟ್ಟುಬಿಟ್ಟರು. ನಮ್ಮಲ್ಲಿ ಸೈಟು ತೆಗೆದಿಟ್ಟ ಹಾಗೆ.

ಅದಕ್ಕೇ ಇವತ್ತಿಗೂ ಸಾವಿರ, ಐದು ಸಾವಿರ ಮೈಲಿ ಓಡಿದ 1987ರ ಕಾರುಗಳು ಮೇಲಿಂದ ಮೇಲೆ ಮಾರಾಟಕ್ಕೆ ಬರುತ್ತವೆ. "ಇಂಥದ್ದು ಇನ್ನೊಂದು ಸಿಗಲ್ಲ" ಅಂತ ಯಾರಾದರೂ ಅವಸರ ಮಾಡಿದರೆ ಆರಾಮಾಗಿ ಕಾಫಿ ಕುಡಿಯಿರಿ. ಸಿಗುತ್ತೆ. ನಿಜವಾಗಿ ಕಷ್ಟ ಇರೋದು ಕಡಿಮೆ ಓಡಿದ 1984, 1985ರ ಕಾರಿಗೆ. ತಮಾಷೆ ಏನಂದರೆ ಅವಕ್ಕೆ ಬೆಲೆ ಕಡಿಮೆ, ಯಾಕಂದರೆ ಇಂಟರ್‌ಕೂಲರ್ ಇಲ್ಲ. ಸಂಗ್ರಹಕಾರರು ಸಂಖ್ಯೆಗಿಂತ ವೇಗಕ್ಕೇ ದುಡ್ಡು ಕೊಡ್ತಾರೆ, ಈ ಕಾರಿನ ವಿಷಯದಲ್ಲಂತೂ ಹೌದು.

ಇನ್ನೊಂದು ತುದಿಯೂ ಇದೆ. ಡಿಸೆಂಬರ್ 11, 1987ರಂದು ಕಾರ್ಖಾನೆಯಿಂದ ಹೊರಬಂದ ಕಟ್ಟಕಡೆಯ ಗ್ರ್ಯಾಂಡ್ ನ್ಯಾಷನಲ್ 33 ಮೈಲಿ ಓಡಿತ್ತು. 2022ರ ಜನವರಿಯಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್ ಹರಾಜಿನಲ್ಲಿ ಅದು 5 ಲಕ್ಷ ಡಾಲರ್ ಮುಟ್ಟಿತು. ಆ ಬೆಲೆ ಆ ಒಂದು ಕಾರಿನ ಚರಿತ್ರೆಗೆ. ಅದನ್ನು ತೋರಿಸಿ ತನ್ನ ಕಾರಿಗೆ ಬೆಲೆ ಏರಿಸುವವರ ಜೊತೆ ವಾದ ಮಾಡೋದೂ ದಂಡ, ಎದ್ದು ಬನ್ನಿ.

ಓಡದ ಕಾರೂ ಮುದಿಯಾಗುತ್ತೆ

ಇಲ್ಲಿ ಸ್ವಲ್ಪ ನಿಲ್ಲೋಣ. ಜನ ಎಡವುವುದು ಇಲ್ಲೇ.

1,100 ಮೈಲಿ ಅಂದರೆ ಸುಮಾರು 1,770 ಕಿಲೋಮೀಟರ್. ಬೆಂಗಳೂರಿನಿಂದ ಬೀದರಿಗೆ ಒಂದು ಸಲ ಹೋಗಿ ಬಂದು, ಆಮೇಲೆ ಧಾರವಾಡ ಮುಟ್ಟಿದಷ್ಟು. ಹೊಸ ಕಾರು ಅಲ್ವಾ ಅನ್ನಿಸುತ್ತೆ. ಅಲ್ಲ. ಕಬ್ಬಿಣಕ್ಕೆ ಮೈಲಿ ಲೆಕ್ಕ, ರಬ್ಬರಿಗೆ ವರ್ಷದ ಲೆಕ್ಕ. ಮೂವತ್ತೈದು ವರ್ಷಕ್ಕೂ ಹಳೆಯ ಪೆಟ್ರೋಲ್ ಪೈಪು, ಬ್ರೇಕ್ ಪೈಪು, ಗೇರ್‌ಬಾಕ್ಸಿನ ಸೀಲು, ವಾಲ್ವ್ ಸೀಲು ಎಲ್ಲ ಒಣಗಿ ಗಟ್ಟಿಯಾಗಿರುತ್ತವೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಅಂಟಾಗಿ ಇಂಜೆಕ್ಟರ್ ಕಟ್ಟಿಸುತ್ತೆ. ಗ್ಯಾರೇಜಿನಲ್ಲಿ ಹತ್ತು ವರ್ಷ ಅಲ್ಲಾಡದೆ ನಿಂತಿದ್ದರೆ ಇಲಿ ವೈರು ಕಡಿದಿರುತ್ತೆ. ಮಿಶಿಗನ್ ಇಲಿಗೂ ಮಂಡ್ಯದ ಇಲಿಗೂ ಈ ವಿಷಯದಲ್ಲಿ ವ್ಯತ್ಯಾಸ ಇಲ್ಲ.

ಈ ಬ್ಯೂಕಿಗೇ ವಿಶೇಷವಾದ ಎರಡು ರೋಗ ಇವೆ.

ಮೊದಲನೆಯದು ಬ್ರೇಕ್. ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ನಿರ್ವಾತದಿಂದ ಬ್ರೇಕಿಗೆ ಬಲ ಸಿಗುತ್ತೆ. ಟರ್ಬೊ ಒತ್ತುವಾಗ ಆ ನಿರ್ವಾತ ಇರಲ್ಲ. ಅದಕ್ಕೆ ಪವರ್‌ಮಾಸ್ಟರ್ ಅನ್ನುವ ಘಟಕ ಹಾಕಿದರು. ಒಂದು ಸಣ್ಣ ವಿದ್ಯುತ್ ಪಂಪು ಎಣ್ಣೆಯನ್ನು ಒತ್ತಡದಲ್ಲಿ ಒಂದು ಗುಂಡಿನೊಳಗೆ ತುಂಬಿಡುತ್ತೆ, ಪೆಡಲ್ ಒತ್ತಿದಾಗ ಅದು ನೆರವಿಗೆ ಬರುತ್ತೆ. ಗುಂಡು ಹಳತಾದರೆ ಒತ್ತಡ ನಿಲ್ಲಲ್ಲ, ಪಂಪು ಪದೇ ಪದೇ ಓಡುತ್ತೆ. ಕೊನೆಗೆ ನೆರವೇ ಇಲ್ಲದ ಪೆಡಲ್ ಕಲ್ಲಿನಂತಾಗುತ್ತೆ. ನನಗೆ ಒಂದು ಸಲ ಹೀಗಾಗಿದೆ. 9,000 ಮೈಲಿ ಓಡಿದ ಕಾರು, ಒಡೆಯರು "ಶೋರೂಮ್ ಹಾಗೆ ಇದೆ" ಅಂದಿದ್ದರು. ಎರಡನೇ ಸಿಗ್ನಲ್‌ನಲ್ಲಿ ಕೆಂಪು ದೀಪ ಹತ್ತಿತು, ಪೆಡಲ್ ಇಳಿಯಲೇ ಇಲ್ಲ. ಎರಡೂ ಕಾಲಿಟ್ಟು ನಿಲ್ಲಿಸಿದೆ. ಮುಂದಿದ್ದ ಟ್ರಕ್ಕಿನ ನಂಬರ್ ಪ್ಲೇಟ್ ಇನ್ನೂ ಬಾಯಿಪಾಠ ಇದೆ. ಕೊಳ್ಳುವ ಮುಂಚೆ ಎಂಜಿನ್ ಆನ್ ಮಾಡದೆ ಕೀ ತಿರುಗಿಸಿ, ಪೆಡಲ್ ನಾಲ್ಕೈದು ಸಲ ಒತ್ತಿ, ಪಂಪಿನ ಸದ್ದು ಕೇಳಿ. ತುಂಬಿಕೊಂಡು ಬೇಗ ನಿಂತರೆ ಸರಿ. ನಿಲ್ಲದೆ ಗೊರಗೊರ ಅಂತಿದ್ದರೆ ಬೆಲೆ ಮಾತಾಡಲು ನಿಮಗೆ ಒಂದು ಕಾರಣ ಸಿಕ್ಕಿತು. ತುಂಬ ಜನ ಇದನ್ನು ಕಿತ್ತು ಬೇರೆ ಬಗೆಯ ಬೂಸ್ಟರ್ ಹಾಕಿಸಿದ್ದಾರೆ. ಓಡಿಸುವ ಕಾರಿಗೆ ಅದು ಒಳ್ಳೆಯದು. ಇಟ್ಟುಕೊಳ್ಳುವ ಕಾರಿಗೆ ಅದೇ ದೋಷ.

ಎರಡನೆಯದು ಎಂಜಿನ್ ಒಳಗಿನ ಟೈಮಿಂಗ್ ಗೇರು, ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆಯುವ ಹಾಗೆ ನೋಡಿಕೊಳ್ಳುವುದು. ಸದ್ದು ಕಡಿಮೆ ಇರಲಿ ಅಂತ ಅದರ ಹಲ್ಲಿಗೆ ನೈಲಾನ್ ಹೊದಿಸಿದ್ದರು. ಬಿಸಿಗೂ ವಯಸ್ಸಿಗೂ ಆ ನೈಲಾನ್ ಪುಡಿಯಾಗಿ ಎಣ್ಣೆಯಲ್ಲಿ ಬೀಳುತ್ತೆ. ಅಲ್ಲಿಂದ ಎಣ್ಣೆ ಪಂಪಿನ ಜಾಲರಿಗೆ. ಕಡಿಮೆ ಓಡಿದ ಕಾರಿನಲ್ಲಿ ಇದನ್ನು ಯಾರೂ ಬದಲಿಸಿರಲ್ಲ, "ಎಂಜಿನ್ ಬಿಚ್ಚಿಲ್ಲ" ಅನ್ನೋದೇ ಅವರ ಹೆಮ್ಮೆ. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ದಂಡ ಕೂಡ ಹಳೇ ಬಗೆಯದು. ಈಗಿನ ಎಣ್ಣೆಗಳಲ್ಲಿ ಸತು ಮತ್ತು ರಂಜಕದ ಅಂಶ ಕಡಿಮೆ ಇರೋದರಿಂದ ಹಳೇ ಎಂಜಿನ್ನಿಗೆ ಹೊಂದುವ ಎಣ್ಣೆಯನ್ನೇ ಹುಡುಕಿ ಹಾಕಬೇಕು.

ಉಳಿದದ್ದು ಬೇಗ ಹೇಳಿಬಿಡ್ತೀನಿ. ಬಂಪರ್ ಮತ್ತು ಬಾಡಿ ನಡುವಿನ ಮೆತ್ತನೆ ಪ್ಲಾಸ್ಟಿಕ್ ಪಟ್ಟಿ ಬಿಸ್ಕತ್ತಿನ ಹಾಗೆ ಮುರಿಯುತ್ತೆ, ಹೊಸದು ಸಿಗುತ್ತೆ. ಚಾವಣಿಯಲ್ಲಿ ತೆಗೆಯುವ ಗಾಜು ಇದ್ದರೆ ಮಳೆ ನೀರು ಒಳಗೆ ಬರುತ್ತೆ, ಕಾರ್ಪೆಟ್ ಎತ್ತಿ ನೋಡಿ. ಏಸಿಯಲ್ಲಿ ಮೊದಲು ಇದ್ದದ್ದು ಆರ್-12 ಅನಿಲ, ಅಮೆರಿಕದಲ್ಲಿ ಅದರ ತಯಾರಿಕೆ 1995ರ ಕೊನೆಗೇ ನಿಂತಿದೆ. ಹಿಂಬದಿಯ ಛಾಸಿ ತುದಿಯಲ್ಲಿ ತುಕ್ಕು ನೋಡಿ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಉಪ್ಪು ತಿಂದ ಕಾರಿಗೆ ಮೈಲಿ ಎಷ್ಟಿದ್ದರೇನು.

ಮೀಟರ್ ಹೇಳೋದನ್ನ ನಂಬೋದು ಹೇಗೆ

ಅಮೆರಿಕದ ಕಾನೂನಿನ ಪ್ರಕಾರ ಕಾರು ಮಾರುವಾಗ ಎಷ್ಟು ಓಡಿದೆ ಅಂತ ಬರೆದುಕೊಡಬೇಕು. ಆದರೆ ಇಷ್ಟು ಹಳೆಯ ಕಾರಿಗೆ ಅದರಿಂದ ವಿನಾಯಿತಿ. ಅಂದರೆ 1,100 ಮೈಲಿ ಅನ್ನುವ ಮಾತಿಗೆ ಟೈಟಲ್, ಅಂದರೆ ಒಡೆತನದ ಪತ್ರ, ಜಾಮೀನು ನಿಲ್ಲಲ್ಲ. ಕಾರೇ ಸಾಕ್ಷಿ ಹೇಳಬೇಕು.

ನಾನು ಮೊದಲು ನೋಡೋದು ಬ್ರೇಕ್ ಪೆಡಲಿನ ರಬ್ಬರು. ಅದರ ಗೀರುಗಳು ಚೂಪಾಗಿರಬೇಕು. ಆಮೇಲೆ ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು. ಹತ್ತಿ ಇಳಿಯುವಾಗ ಮೈ ಉಜ್ಜೋದು ಅಲ್ಲೇ. ಆಮೇಲೆ ಟೈರ್. 2000ಕ್ಕಿಂತ ಮುಂಚಿನ ಟೈರುಗಳಲ್ಲಿ ತಯಾರಿಕೆ ವಾರದ ಕೋಡ್ ಮೂರು ಅಂಕಿಯದ್ದು, ಈಚಿನವುಗಳಲ್ಲಿ ನಾಲ್ಕು. 1987ರ ಗುಡ್‌ಇಯರ್ ಟೈರ್ ಇನ್ನೂ ಮೈಮೇಲಿದ್ದರೆ ಕಾರು ಓಡಿಲ್ಲ ಅನ್ನೋದಕ್ಕೆ ಒಳ್ಳೆ ಸಾಕ್ಷಿ. ಅದೇ ಟೈರಿನಲ್ಲಿ ಹೆದ್ದಾರಿಗೆ ಹೋಗೋದು ಮಾತ್ರ ಮೂರ್ಖತನ. ತಿಳಿದವರು ಹಳೇ ಟೈರನ್ನು ಬಿಚ್ಚಿ ಜೋಪಾನವಾಗಿ ಇಟ್ಟು, ಬೇರೆ ಸೆಟ್ ಹಾಕಿ ಓಡಿಸುತ್ತಾರೆ. ಮಾರುವಾಗ ಎರಡೂ ಕೊಡುತ್ತಾರೆ.

ಕಾಗದ ಪತ್ರ ಕೇಳಿ. ಗಾಜಿಗೆ ಅಂಟಿಸಿದ್ದ ಮೂಲ ಬೆಲೆಪಟ್ಟಿ, ಡೀಲರ್ ಬಿಲ್ಲು, ಎಣ್ಣೆ ಬದಲಿಸಿದ ರಸೀದಿ. ಮೂವತ್ತು ವರ್ಷದ ರಸೀದಿಗಳಲ್ಲಿ ಮೈಲಿ ನಿಧಾನಕ್ಕೆ ಏರುತ್ತಾ ಬಂದಿದ್ದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ. ರಸೀದಿ ಇಲ್ಲದ 1,100 ಮೈಲಿ ಕಾರಿಗಿಂತ ರಸೀದಿ ಇರುವ 12,000 ಮೈಲಿ ಕಾರು ಎಷ್ಟೋ ಮೇಲು.

ಬೆಳ್ಳಗಿರೋದೆಲ್ಲ ಹಾಲಲ್ಲ, ಕಪ್ಪಗಿರೋದೆಲ್ಲ ಗ್ರ್ಯಾಂಡ್ ನ್ಯಾಷನಲ್ಲೂ ಅಲ್ಲ

ಸಾಧಾರಣ ರೀಗಲ್‌ಗೆ ಕಪ್ಪು ಬಣ್ಣ ಹೊಡೆದು, ಬ್ಯಾಡ್ಜ್ ಅಂಟಿಸಿ ಮಾರುವವರು ಇದ್ದಾರೆ. ಹಿಡಿಯೋದು ಸುಲಭ. 1986-87ರ ಕಾರಿನ ಗುರುತಿನ ಸಂಖ್ಯೆಯಲ್ಲಿ ಎಂಟನೇ ಅಕ್ಷರ 7 ಇರಬೇಕು. ಅದು ಇಂಟರ್‌ಕೂಲರ್ ಇರುವ ಟರ್ಬೊ ಎಂಜಿನ್ನಿನ ಗುರುತು. ಹತ್ತನೆಯದು 'ಎಚ್' ಇದ್ದರೆ 1987.

ಟರ್ಬೊ ಇದ್ದ ಮಾತ್ರಕ್ಕೆ ಗ್ರ್ಯಾಂಡ್ ನ್ಯಾಷನಲ್ ಆಗಲ್ಲ. ಡಿಕ್ಕಿ ಮುಚ್ಚಳದ ಒಳಗೆ ಒಂದು ಸ್ಟಿಕರ್ ಇರುತ್ತೆ, ಕಾರ್ಖಾನೆಯಲ್ಲಿ ಹಾಕಿದ ಸಾಮಾನಿನ ಕೋಡುಗಳೆಲ್ಲ ಅದರಲ್ಲಿ. ಅಲ್ಲಿ 'ಡಬ್ಲ್ಯೂಇ2' ಅಂತ ಇರಬೇಕು. ಸ್ಟಿಕರೇ ಇಲ್ಲ, "ಪೇಂಟ್ ಮಾಡುವಾಗ ಹೋಯಿತು" ಅಂದರೆ ಮುಚ್ಚಳ ಯಾಕೆ ಪೇಂಟ್ ಮಾಡಿಸಿದಿರಿ ಅಂತ ಕೇಳಿ. ಆ ಪ್ರಶ್ನೆಗೆ ಬರುವ ಉತ್ತರದಲ್ಲಿ ಸಾಮಾನ್ಯವಾಗಿ ಒಂದು ಅಪಘಾತ ಅಡಗಿರುತ್ತೆ.

ಈಗ ಆಯ್ಕೆಗಳು

ಕಪ್ಪು ಗ್ರ್ಯಾಂಡ್ ನ್ಯಾಷನಲ್ಲೇ ಬೇಕು ಅಂತ ಹಟ ಇಲ್ಲದಿದ್ದರೆ ಟರ್ಬೊ-ಟಿ ನೋಡಿ. ಅದೇ ಎಂಜಿನ್, ಅದೇ ಗೇರ್‌ಬಾಕ್ಸ್, ಅದೇ ಕಾರ್ಖಾನೆ. ಬೇರೆ ಬಣ್ಣಗಳಲ್ಲೂ ಸಿಗುತ್ತಿತ್ತು. 1987ರಲ್ಲಿ 'ಡಬ್ಲ್ಯೂಇ4' ಅನ್ನುವ ಹಗುರ ಮಾದರಿ 1,547 ಮಾತ್ರ ಬಂದವು, ಅಂದರೆ ಆ ವರ್ಷದ ಗ್ರ್ಯಾಂಡ್ ನ್ಯಾಷನಲ್ಲಿನ ಹದಿಮೂರರಲ್ಲಿ ಒಂದು ಪಾಲಿಗೂ ಕಡಿಮೆ. ಸಂಖ್ಯೆಯಲ್ಲಿ ಅಪರೂಪ, ತೂಕದಲ್ಲಿ ಕಡಿಮೆ, ಆದರೂ ಹೆಸರು ಗೊತ್ತಿರುವವರು ಕಮ್ಮಿ. ಇನ್ನೂ ಮಜಾ ಬೇಕಿದ್ದರೆ ಟರ್ಬೊ ಹಾಕಿದ ರೀಗಲ್ ಲಿಮಿಟೆಡ್ ಹುಡುಕಿ. ಒಳಗೆ ಸೋಫಾದಂಥ ಮಕಮಲ್ಲಿನ ಸೀಟು, ಹೊರಗೆ ಕ್ರೋಮು, ಬಾನೆಟ್ ಕೆಳಗೆ ಅದೇ ರಾಕ್ಷಸ. ನನಗೆ ಕೇಳಿದರೆ ಈ ಇಡೀ ಸಂಸಾರದಲ್ಲಿ ತುಂಬ ತರಲೆ ಕಾರು ಅದೇ.

ಜಿಎನ್‌ಎಕ್ಸ್ ಬೇರೆಯದೇ ಲೋಕ. 1987ರಲ್ಲಿ 547 ಗ್ರ್ಯಾಂಡ್ ನ್ಯಾಷನಲ್‌ಗಳನ್ನು ಎಎಸ್‌ಸಿ-ಮೆಕ್ಲಾರೆನ್ ಅನ್ನುವ ಕಂಪನಿ ಕಡೆ ಕಳಿಸಿ ತಿದ್ದಿಸಿದರು. ಹೊಸ ಟರ್ಬೊ, ದೊಡ್ಡ ಇಂಟರ್‌ಕೂಲರ್, ಬದಲಿಸಿದ ಗೇರ್‌ಬಾಕ್ಸ್ ಪ್ರೋಗ್ರಾಮ್. ಹಿಂದಿನ ಆಕ್ಸಲ್‌ಗೆ ಉದ್ದನೆಯ ಆಸರೆ ಕೊಟ್ಟರು, ಶಕ್ತಿಯೆಲ್ಲ ನೆಲಕ್ಕೆ ಇಳಿಯಲಿ ಅಂತ. ಮುಂದಿನ ಮಡ್‌ಗಾರ್ಡ್ ಮೇಲೆ ಬಿಸಿಗಾಳಿ ಹೊರಹೋಗುವ ಕಿಂಡಿ, 16 ಇಂಚಿನ ಚಕ್ರ, ಸ್ಟುವರ್ಟ್-ವಾರ್ನರ್ ಮೀಟರುಗಳು. ಕಾಗದದಲ್ಲಿ 276 ಅಶ್ವಶಕ್ತಿ. ಇಷ್ಟೇ ಅಂದರೆ ಯಾರೂ ನಂಬಲಿಲ್ಲ, ನಂಬಬೇಕಾಗಿಯೂ ಇರಲಿಲ್ಲ. ಕಾರ್ ಅಂಡ್ ಡ್ರೈವರ್ ಪತ್ರಿಕೆಯವರು ಓಡಿಸಿದಾಗ ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗಕ್ಕೆ 4.7 ಸೆಕೆಂಡ್. 1987ರಲ್ಲಿ ಆ ಅಂಕಿ ಇಟಲಿಯವರಿಗೂ ಮುಜುಗರ ತಂದಿರಬೇಕು.

ಆಗಿನ ಬೆಲೆ 29,900 ಡಾಲರ್. ಪ್ರತಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಅದರ ಕ್ರಮಸಂಖ್ಯೆಯ ಫಲಕ ಇತ್ತು. ಹಾಗಾಗಿ ಮೊದಲ ದಿನದಿಂದಲೇ ಇದು ಸಂಗ್ರಹದ ವಸ್ತು. ಕೊಂಡವರು ಪ್ಲಾಸ್ಟಿಕ್ ಕೂಡ ಕೀಳದೆ ಇಟ್ಟರು. ಅದರಿಂದ ಒಂದು ವಿಚಿತ್ರ ಆಗಿದೆ: ಚೆನ್ನಾಗಿ ಓಡಿಸಿದ, ಅನುಭವಿಸಿದ ಜಿಎನ್‌ಎಕ್ಸ್ ಸಿಗೋದೇ ಕಷ್ಟ, ಓಡಿಸದೆ ಇಟ್ಟದ್ದು ಹೇರಳ. ನಿಮ್ಮ ಹತ್ತಿರ ಅಷ್ಟು ದುಡ್ಡಿದ್ದು, ಓಡಿಸುವ ಆಸೆಯೂ ಇದ್ದರೆ 20,000 ಮೈಲಿಯ ಜಿಎನ್‌ಎಕ್ಸ್‌ಗೆ ಕಾಯಿರಿ. ಕೆಲವು ನೂರು ಮೈಲಿಯದ್ದನ್ನು ಕೊಂಡರೆ ನೀವು ಕೊಂಡದ್ದು ಕಾರಲ್ಲ, ಒಂದು ಬ್ಯಾಂಕ್ ಲಾಕರು. ಎಚ್ಚರಿಕೆಯ ಮಾತು: ಜಿಎನ್‌ಎಕ್ಸ್ ಹುಟ್ಟಿದ್ದು ಗ್ರ್ಯಾಂಡ್ ನ್ಯಾಷನಲ್ ಆಗಿ. ಗುರುತಿನ ಸಂಖ್ಯೆ ನೋಡಿ ಮಾತ್ರ ಅಸಲಿ ಅಂತ ಹೇಳೋಕಾಗಲ್ಲ. ಫಲಕ, ಮೂಲ ಬೆಲೆಪಟ್ಟಿ, ಹಿಂದಿನ ಒಡೆಯರ ಸರಪಳಿ ಎಲ್ಲ ಒಂದಕ್ಕೊಂದು ಹೊಂದಬೇಕು.

ಕೆಲವರಿಗೆ ಬ್ಯೂಕ್ ಗೂಡಿನ ಕಾಗೆಮರಿ ಇಷ್ಟವಾಗುತ್ತೆ. ಬಣ್ಣ ಮಾತ್ರ ಬಿಳಿ. 1989ರ ಪಾಂಟಿಯಾಕ್ ಟರ್ಬೊ ಟ್ರಾನ್ಸ್ ಆಮ್. ಪಾಂಟಿಯಾಕ್ ಅಂದರೆ ಇಲ್ಲಿ ಊರಲ್ಲ, ಬ್ಯೂಕ್ ಹಾಗೆಯೇ ಜನರಲ್ ಮೋಟರ್ಸ್‌ಗೆ ಸೇರಿದ್ದ ಇನ್ನೊಂದು ಕಾರು ಹೆಸರು. ಬ್ಯೂಕ್ ರೀಗಲ್ ನಿಂತ ಮೇಲೆ ಅದರ ಎಂಜಿನ್ ಇಲ್ಲಿಗೆ ಬಂತು, ಟ್ರಾನ್ಸ್ ಆಮ್ ಹೆಸರಿಗೆ 20 ವರ್ಷ ತುಂಬಿದ ನೆನಪಿಗೆ. ಬಾನೆಟ್ ಕೆಳಗೆ ಜಾಗ ಸಾಲದ್ದಕ್ಕೆ ಬೇರೆ ಸಿಲಿಂಡರ್ ಹೆಡ್ ಹಾಕಿದರು. ಒಟ್ಟು 1,555 ಕಾರು. ಆ ವರ್ಷ ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ಇದೇ ಮುಂದೆ ಓಡುವ ಪೇಸ್ ಕಾರು. ಎಷ್ಟೋ ಪೇಸ್ ಕಾರುಗಳಿಗೆ ರೇಸಿಗಾಗಿ ಎಂಜಿನ್ ಬಲ ಹೆಚ್ಚಿಸಬೇಕಾಗುತ್ತಿತ್ತು, ಇದಕ್ಕೆ ಬೇಕಾಗಲಿಲ್ಲ. 

ಕಾಗದದಲ್ಲಿ 250 ಅಶ್ವಶಕ್ತಿ. ಅದೂ ಕಡಿಮೆ ಹೇಳಿದ ಲೆಕ್ಕವೇ. ರೀಗಲ್ ನೇರ ರಸ್ತೆಯ ಕಾರು, ತಿರುವಿನಲ್ಲಿ ಹಡಗಿನ ಹಾಗೆ ವಾಲುತ್ತೆ. ಟ್ರಾನ್ಸ್ ಆಮ್ ತಿರುಗುತ್ತೆ, ನಿಲ್ಲುತ್ತೆ, ಬ್ರೇಕು ದೊಡ್ಡದು. ಓಡಿಸುವ ಕಾರಾಗಿ ನೋಡಿದರೆ ಇದು ಜಿಎನ್‌ಎಕ್ಸ್‌ಗಿಂತ ಮೇಲು ಅಂತ ನನ್ನ ಅಭಿಪ್ರಾಯ, ಬೈಯುವವರು ಬೈಯಲಿ. ತಯಾರಾದದ್ದು ಜಿಎನ್‌ಎಕ್ಸ್‌ನ ಮೂರು ಪಟ್ಟು ಹತ್ತಿರ, ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ. ಕೊರತೆ ಒಂದೇ. ಟ್ರಾನ್ಸ್ ಆಮ್‌ಗೇ ಮಾತ್ರ ಸೇರಿದ ಕೆಲವು ಎಂಜಿನ್ ಭಾಗಗಳು ಬೇಗ ಸಿಗಲ್ಲ. ರೀಗಲ್ ಭಾಗಗಳಿಗೆ ಆ ತೊಂದರೆ ಇಲ್ಲ. ಬಾಡಿಯ ಎಷ್ಟೋ ಸಾಮಾನನ್ನು ಷೆವರ್ಲೆಯ ಮಾಂಟೆ ಕಾರ್ಲೊ, ಓಲ್ಡ್ಸ್‌ಮೊಬೀಲ್‌ನ ಕಟ್ಲಾಸ್ ಕಾರುಗಳ ಜೊತೆ ಹಂಚಿಕೊಂಡಿದೆ, ಟರ್ಬೊ ಸಾಮಾನಿಗೆ ಅದನ್ನೇ ಮಾಡುವ ಅಂಗಡಿಗಳಿವೆ.

ಇನ್ನು ಫೋರ್ಡ್ ಮಸ್ಟಾಂಗ್ ಎಸ್‌ವಿಒ. 1984ರಿಂದ 1986ರವರೆಗೆ 9,844 ಕಾರು. ಇದರಲ್ಲಿ 2.3 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಟರ್ಬೊ, ಇಂಟರ್‌ಕೂಲರ್. ಶುರುವಿನಲ್ಲಿ 175 ಅಶ್ವಶಕ್ತಿ, 1985ರ ನಡುವೆ 205ಕ್ಕೆ ಏರಿಸಿದರು, 1986ರಲ್ಲಿ 200. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಕೋನಿ ಶಾಕ್ ಅಬ್ಸಾರ್ಬರ್. ಡ್ಯಾಶ್‌ಬೋರ್ಡ್ ಮೇಲೆ ಒಂದು ಸ್ವಿಚ್ಚು: ಒಳ್ಳೆ ಪೆಟ್ರೋಲ್ ಹಾಕಿದ್ದೀರಾ, ಸಾದಾ ಹಾಕಿದ್ದೀರಾ ಅಂತ ಕಾರಿಗೆ ಹೇಳೋಕೆ. ಮುಖ್ಯವಾಗಿ ಐದು ಗೇರಿನ ಮ್ಯಾನುಯಲ್. ಬ್ಯೂಕಿನಲ್ಲಿ ಟರ್ಬೊ ಜೊತೆ ಆಟೊಮ್ಯಾಟಿಕ್ ಬಿಟ್ಟರೆ ಬೇರೆ ಇಲ್ಲ. ಕ್ಲಚ್ ಒತ್ತಿ ಗೇರ್ ಹಾಕಿ ಬೆಳೆದ ನಮ್ಮಂಥವರಿಗೆ ಎಸ್‌ವಿಒ ಕೈಗೆ ಸಿಕ್ಕಿದರೆ ಮನೆಗೆ ಬಂದ ಹಾಗೆ ಅನ್ನಿಸುತ್ತೆ.

ಮಸಲ್ ಕಾರು, ಅಂದರೆ ಎಂಜಿನ್ ಬಲಕ್ಕೇ ಹೆಸರಾದ ಅಮೆರಿಕದ ಕಾರು, ಅಂತ ಇದನ್ನು ಕರೆಯಬೇಕಾ ಅನ್ನುವ ಜಗಳ ಇದೆ. ಹಿಂದಿನಿಂದ ಒದ್ದ ಹಾಗೆ ತಳ್ಳುವ ಬ್ಯೂಕಿನ ಎಳೆತ ಇದರಲ್ಲಿ ಇಲ್ಲ, ಅದು ನಿಜ. ಆದರೆ ಈ ಪಟ್ಟಿಯಲ್ಲಿ ಕಡಿಮೆ ದುಡ್ಡಿಗೆ ಕಡಿಮೆ ಓಡಿದ ಕಾರು ಸಿಗೋದು ಇಲ್ಲೇ. ಗ್ರಿಲ್ ಇಲ್ಲದ ಮುಂದಿನ ಮುಖ ಎಸ್‌ವಿಒಗೆ ಮಾತ್ರ ಇದ್ದದ್ದು. ಅದು ಒಡೆದಿದ್ದರೆ ಯೋಚನೆ ಮಾಡಿ.

ಹಾಗಾದರೆ ಯಾವುದು

ವರ್ಷಕ್ಕೆ ಇನ್ನೂರು ಮೈಲಿಗಿಂತ ಕಮ್ಮಿ ಓಡಿಸ್ತೀರಿ, ಬೆಚ್ಚಗಿನ ಒಣ ಗ್ಯಾರೇಜ್ ಇದೆ, ಇಪ್ಪತ್ತು ವರ್ಷ ಮಾರುವ ಯೋಚನೆ ಇಲ್ಲ ಅಂದರೆ ಜಿಎನ್‌ಎಕ್ಸ್. ಅದಕ್ಕೆ ಕೈ ಎಟುಕದಿದ್ದರೆ ಪೂರ್ತಿ ಕಾಗದ ಇರುವ 'ಡಬ್ಲ್ಯೂಇ4'. ಸಾವಿರ ಮೈಲಿಯ ಸಾದಾ 1987ರ ಗ್ರ್ಯಾಂಡ್ ನ್ಯಾಷನಲ್ ನನ್ನ ಲೆಕ್ಕದಲ್ಲಿ ನಡುವೆ ಸಿಕ್ಕಿಬಿದ್ದ ಕಾರು. ಓಡಿಸೋಕೆ ಮನಸ್ಸು ಬರಲ್ಲ, ಹಾಗಂತ ಅಪರೂಪವೂ ಅಲ್ಲ.

ತಿಂಗಳಿಗೆ ಎರಡು ಸಲ ಹೊರಗೆ ತೆಗೀಬೇಕು, ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು ಐಸ್‌ಕ್ರೀಮ್ ತಿನ್ನೋಕೆ ಹೋಗಬೇಕು ಅನ್ನುವವರಿಗೆ 25ರಿಂದ 45 ಸಾವಿರ ಮೈಲಿಯ 1986 ಅಥವಾ 1987ರ ಟರ್ಬೊ ರೀಗಲ್, ಯಾವ ಬ್ಯಾಡ್ಜ್ ಇದ್ದರೂ ಸರಿ. ರಬ್ಬರು, ಬ್ರೇಕು, ಟೈಮಿಂಗ್ ಗೇರು ಯಾರೋ ಆಗಲೇ ಬದಲಿಸಿರುತ್ತಾರೆ, ಬಿಲ್ಲು ತೋರಿಸುತ್ತಾರೆ. ಬೆಟ್ಟದ ತಿರುವು ಇಷ್ಟ ಅನ್ನುವವರು ಟ್ರಾನ್ಸ್ ಆಮ್ ಅಥವಾ ಎಸ್‌ವಿಒ.

ವಿಮೆ ಮಾಡಿಸುವಾಗ ಸಾಮಾನ್ಯ ಪಾಲಿಸಿ ಬೇಡ. ಮೊದಲೇ ಇಬ್ಬರೂ ಒಪ್ಪಿ ಬರೆದ ಬೆಲೆಗೆ ವಿಮೆ ಕೊಡುವ ಕಂಪನಿಗಳಿವೆ, ಮಿಶಿಗನ್‌ನದೇ ಹ್ಯಾಗರ್ಟಿ ಅದರಲ್ಲಿ ಒಂದು. ಇಲ್ಲದಿದ್ದರೆ ಅಪಘಾತವಾದ ದಿನ ನಿಮ್ಮ ಜಿಎನ್‌ಎಕ್ಸ್ ಬರೀ ಹಳೇ ಬ್ಯೂಕ್ ಆಗಿಬಿಡುತ್ತೆ. ಒಂದೇ ಕಡೆ ನೂರಾರು ಕಾರು ನೋಡಬೇಕಿದ್ದರೆ ಮೇ ತಿಂಗಳಲ್ಲಿ ಕೆಂಟಕಿಯ ಬೌಲಿಂಗ್ ಗ್ರೀನ್‌ನಲ್ಲಿ ಬ್ಯೂಕ್‌ನವರ ದೊಡ್ಡ ಕೂಟ ಇದೆ, ಜಿಎಸ್ ನ್ಯಾಷನಲ್ಸ್ ಅಂತ. ಅಲ್ಲಿ ಹೋದರೆ ಒಡೆಯರೇ ಬಾನೆಟ್ ಎತ್ತಿ ತೋರಿಸುತ್ತಾರೆ, ಬೇಡ ಅಂದರೂ ಬಿಡಲ್ಲ.

ಊರಿಗೆ ತಗೊಂಡು ಹೋಗಬಹುದಾ ಅಂತ ಕೇಳುವವರು ಪ್ರತಿ ಸಲ ಒಬ್ಬರಾದರೂ ಇರುತ್ತಾರೆ. ಭಾರತಕ್ಕೆ ಬಳಸಿದ ಕಾರು ತರುವ ಸಾಮಾನ್ಯ ನಿಯಮದಲ್ಲಿ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು. ಬ್ಯೂಕ್ ಎರಡು ಪೇಪರಲ್ಲೂ ಫೇಲು.

ಗೆಳೆಯ ಕೊನೆಗೆ 38,000 ಮೈಲಿಯದ್ದನ್ನೇ ತಗೊಂಡ. ಮೊದಲ ತಿಂಗಳಲ್ಲೇ ಪವರ್‌ಮಾಸ್ಟರ್ ಕೈಕೊಟ್ಟಿತು, ಬೈದುಕೊಂಡು ಹೊಸ ಬೂಸ್ಟರ್ ಹಾಕಿಸಿದ. ಆಗಸ್ಟಿನಲ್ಲಿ ವುಡ್‌ವರ್ಡ್ ರಸ್ತೆಯ ಕಾರು ಜಾತ್ರೆಗೆ ಹೋಗಿ ಪಾಂಟಿಯಾಕ್ ಊರಿನವರೆಗೂ ಓಡಿಸಿದ, ಆ ಕಾರು ಹುಟ್ಟಿದ ಊರು ಅದೇ. ಈಗ ಮೀಟರ್ 40,000 ದಾಟಿದೆ.

ಇನ್ನೊಂದು ಕಾರು ಏನಾಯಿತು ಅಂತ ಸುಮ್ನೆ ಮೊನ್ನೆ ಹುಡುಕಿದೆ. ಇನ್ನೂ ಮಾರಾಟಕ್ಕಿದೆ. ಮೀಟರ್ 1,103. ಆ ಮೂರು ಮೈಲಿ ನಮ್ಮಂಥವರು ನೋಡೋಕೆ ಹೋದಾಗ ಓಡಿದ್ದಿರಬೇಕು.